ದಂಡುಪ್ರದೇಶೀಯ ವೇಷಮೀಮಾಂಸೆ

ಕಾಮಿಕ್ಸ್, ಆನಿಮೆ, ವಿಡಿಯೋ ಗೇಮು ಅಥವಾ ಸಿನಿಮಾದ ಒಂದು ಪಾತ್ರವನ್ನು ಮೈಮೇಲೆ ಹೊತ್ತುಕೊಂಡು, ಅಂಟು ಬಿಡುವುದರೊಳಗೆ ಫೋಟೊ ತೆಗೆಸಿಕೊಳ್ಳುವುದಕ್ಕೆ ಕಾಸ್‌ಪ್ಲೇ ಫೋಟೊಶೂಟ್ ಎಂದು ಹೆಸರು. ಈ ಲಕ್ಷಣವಾಕ್ಯದಲ್ಲಿ ‘ಅಂಟು ಬಿಡುವುದರೊಳಗೆ’ ಎಂಬ ಮಾತು ಅನಾವಶ್ಯಕವೆಂಬುದು ಪೂರ್ವಪಕ್ಷ. ಆ ಮಾತನ್ನು ತೆಗೆದರೆ ಮದುವೆಗೆ ಮುಂಚೆ ಫೋಟೊ ತೆಗೆಸಿಕೊಳ್ಳುವ ಜೋಡಿ, ಕೃಷ್ಣಾಷ್ಟಮಿಯ ದಿನ ಸ್ಟುಡಿಯೋದಲ್ಲಿ ಅಳುತ್ತ ಕೂರುವ ಬಾಲಕೃಷ್ಣ, ಚುನಾವಣೆ ಬಂದಾಗ ಹಸಿರು ಶಾಲು ಹೊದ್ದು ಗದ್ದೆಗಿಳಿಯುವ ಅಭ್ಯರ್ಥಿ, ಎಲ್ಲರೂ ಇದರೊಳಗೆ ನುಗ್ಗಿ ಅತಿವ್ಯಾಪ್ತಿ ದೋಷ ಉಂಟಾಗುತ್ತದೆ. ಆದ್ದರಿಂದ ಅಂಟು ಇರತಕ್ಕದ್ದು ಎಂಬುದು ಸಿದ್ಧಾಂತ.

ವೇಷ ಕಟ್ಟುವುದು ಕನ್ನಡದ ನೆಲಕ್ಕೆ ಹೊಸದಲ್ಲ. ಯಕ್ಷಗಾನದ ಬಣ್ಣದ ವೇಷ, ಊರೂರು ತಿರುಗುತ್ತಿದ್ದ ಹಗಲುವೇಷ, ಕರಾವಳಿಯ ಹುಲಿವೇಷ, ಶಾಲಾ ವಾರ್ಷಿಕೋತ್ಸವದ ಛದ್ಮವೇಷ ಎಲ್ಲವೂ ಇದಕ್ಕೆ ಹಿರಿಯರೇ. ವ್ಯತ್ಯಾಸವಿರುವುದು ಆಯವ್ಯಯದಲ್ಲಿ. ಹಗಲುವೇಷದವರು ವೇಷ ಹಾಕಿ ಊರಿನಿಂದ ದವಸ, ದುಡ್ಡು ತರುತ್ತಿದ್ದರು. ಕಾಸ್‌ಪ್ಲೇಯವರು ಊರಿಗೆಲ್ಲ ದುಡ್ಡು ಹಂಚಿ ವೇಷ ಹಾಕುತ್ತಾರೆ. 2012ರಲ್ಲಿ ಕಾಮಿಕ್ ಕಾನ್ ಬೆಂಗಳೂರಿಗೆ ಬಂದ ಮೇಲೆ ಈ ವ್ಯಯಕ್ಕೊಂದು ಜಾತ್ರೆಯೂ ಸಿಕ್ಕಿತು. ಈಚಿನ ವರ್ಷಗಳಲ್ಲಿ ಅದು ವೈಟ್‌ಫೀಲ್ಡಿನ ಕೆಟಿಪಿಒ ಪ್ರದರ್ಶನ ಆವರಣದಲ್ಲಿ ನಡೆದಿದೆ. ಆದರೆ ಜಾತ್ರೆಯ ವೇಷ ಬೇರೆ, ಫೋಟೊದ ವೇಷ ಬೇರೆ. ಜಾತ್ರೆಯಲ್ಲಿ ವೇಷವನ್ನು ನಾಲ್ಕೂ ದಿಕ್ಕಿನಿಂದ ನೋಡುತ್ತಾರೆ, ಮುಟ್ಟುತ್ತಾರೆ, ಮಕ್ಕಳಾದರೆ ಎಳೆಯುತ್ತಾರೆ. ಫೋಟೊದ ವೇಷಕ್ಕೆ ಬೆನ್ನೆಂಬುದೇ ಇಲ್ಲ. ಎದುರಿಗೆ ವೀರಾಧಿವೀರ, ಹಿಂದೆ ಹದಿನಾರು ಪಿನ್ನು. ಇಲ್ಲಿ ವಿಚಾರಿಸುವುದು ಈ ಬೆನ್ನಿಲ್ಲದ ವೇಷವನ್ನು ಮಾತ್ರ.

ಕ್ಷೇತ್ರನಿರ್ಣಯ

ಈ ಶಾಸ್ತ್ರ ಅನ್ವಯಿಸುವುದು ಬೆಂಗಳೂರು ದಂಡಿಗೆ ಮತ್ತು ಅದರ ಪೂರ್ವಕ್ಕೆ. ಪಶ್ಚಿಮದ ಗಡಿ ಕಮರ್ಷಿಯಲ್ ಸ್ಟ್ರೀಟು, ಪೂರ್ವದ ಗಡಿ ಕೆ.ಆರ್. ಪುರದ ತೂಗುಸೇತುವೆ, ನಡುವೆ ಶಿವಾಜಿನಗರ, ಹಲಸೂರು, ಇಂದಿರಾನಗರ. 1809ರಲ್ಲಿ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಇಲ್ಲಿ ಬಂದು ತಳವೂರಿದ ದಿನದಿಂದ ಇಲ್ಲಿಯ ಜನ ವೇಷಗಳನ್ನು ನೋಡುತ್ತಲೇ ಬಂದಿದ್ದಾರೆ. ಕೆಂಪು ಕೋಟಿನ ಸೋಲ್ಜರುಗಳನ್ನು ನೋಡಿದರು, ಅವರು ಹೋಗಿದ್ದನ್ನೂ ನೋಡಿದರು. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಕಾವಿ ಉಟ್ಟು ಬಸಿಲಿಕಾಗೆ ಬರುವ ಸಾವಿರಾರು ಭಕ್ತರು, ಡಿಸೆಂಬರಿನ ಸಿಗ್ನಲ್ಲುಗಳಲ್ಲಿ ಕೆಂಪು ಟೋಪಿ ಮಾರುವ ಸಾಂತಾಗಳು, ಹಲಸೂರಿನ ಸೋಮೇಶ್ವರನ ತೇರು, ಸೇನೆಯ ಎಂಇಜಿಯ ಬ್ಯಾಂಡು, ಇಂದಿರಾನಗರದ ನೂರಡಿ ರಸ್ತೆಯ ಶನಿವಾರ ರಾತ್ರಿ, ಎಲ್ಲ ಇವರ ಕಣ್ಣಿಗೆ ಮಾಮೂಲು. ಬೇರೆ ಊರುಗಳಲ್ಲಿ ವೇಷಧಾರಿಗೆ ಜನ ಗುಂಪುಗೂಡುವ ಭಯ. ಇಲ್ಲಿ ಯಾರೂ ತಿರುಗಿ ನೋಡದಿರುವ ಭಯ. ಮುಂದೆ ಬರುವ ಸೂತ್ರಗಳೆಲ್ಲ ಈ ಭಯದಿಂದ ಹುಟ್ಟಿದವು.

ಪಾತ್ರನಿರ್ಣಯ

ಪಾತ್ರಗಳನ್ನು ಗುಣದಿಂದ ವಿಂಗಡಿಸುವುದು ಕಾವ್ಯಶಾಸ್ತ್ರದ ಪದ್ಧತಿ. ಖರ್ಚಿನಿಂದ ವಿಂಗಡಿಸುವುದು ಈ ಶಾಸ್ತ್ರದ್ದು. ಅಲ್ಪವ್ಯಯದ ಪಾತ್ರಕ್ಕೆ ಜಪಾನಿನ ಉದಾಹರಣೆ ಆನಿಮೆ ನಾಯಕ ಲುಫಿ: ಒಂದು ಹುಲ್ಲಿನ ಟೋಪಿ, ಒಂದು ಕೆಂಪು ಅಂಗಿ, ಒಂದು ಚಡ್ಡಿ. ಕನ್ನಡದ ಉದಾಹರಣೆ 1980ರ ‘ಆಟೋ ರಾಜ’ದ ಶಂಕರ್‌ನಾಗ್. ಖಾಕಿ ಅಂಗಿಯನ್ನು ಹುಡುಕಬೇಕಾಗಿಲ್ಲ, ರಂಗಸಜ್ಜಿಕೆಯಾದ ಆಟೋ ಕೈ ಎತ್ತಿದರೆ ನಿಲ್ಲುತ್ತದೆ (ಈ ಮಾತು ರಾತ್ರಿ ಎಂಟರ ನಂತರ ಅನ್ವಯಿಸುವುದಿಲ್ಲ), ಹಿನ್ನೆಲೆಗೆ ಬೇಕಾದ ಶಂಕರಣ್ಣನ ಚಿತ್ರ ಆಟೋದ ಹಿಂಬದಿಯಲ್ಲೇ ಅಂಟಿಸಿರುತ್ತದೆ. ಇದರ ದೋಷ ಒಂದೇ. ವೇಷ ಚೆನ್ನಾಗಿ ಒಪ್ಪಿದಷ್ಟೂ ಜನ ಬಂದು “ಮಾರತ್ತಳ್ಳಿಗೆ ಬರ್ತೀರಾ?” ಎನ್ನುತ್ತಾರೆ.

ಮಧ್ಯಮವ್ಯಯಕ್ಕೆ ‘ಡೀಮನ್ ಸ್ಲೇಯರ್’ನ ಟಾಂಜಿರೊ ಬರುತ್ತಾನೆ; ಅವನ ಹಸಿರು ಕಪ್ಪು ಚೌಕಳಿಯ ಮೇಲಂಗಿಗೆ ಬಟ್ಟೆ ಹುಡುಕಿ ಅಲೆದು, ಕೊನೆಗೆ ಹಸಿರು ಬಟ್ಟೆಯ ಮೇಲೆ ಕಪ್ಪು ಚೌಕಗಳನ್ನು ಬಣ್ಣದಲ್ಲಿ ಹಾಕಿಕೊಳ್ಳುವುದು ರೂಢಿ. ಅತಿವ್ಯಯಕ್ಕೆ ಐರನ್ ಮ್ಯಾನ್. 1975ರ ‘ಮಯೂರ’ದ ರಾಜ್‌ಕುಮಾರ್ ವೇಷ ಖರ್ಚಿನಲ್ಲಿ ಮಧ್ಯಮ, ಧೈರ್ಯದಲ್ಲಿ ಉತ್ತಮ; ಆ ನಡಿಗೆ, ಆ ಮೂಗು ಬಾಡಿಗೆಗೆ ಸಿಗುವುದಿಲ್ಲ. 1977ರ ‘ಬಬ್ರುವಾಹನ’ದಲ್ಲಿ ಅರ್ಜುನನೂ ಬಬ್ರುವಾಹನನೂ ರಾಜ್‌ಕುಮಾರರೇ ಆದ್ದರಿಂದ ಅದನ್ನು ಕೈಗೆತ್ತಿಕೊಂಡವರು ಎರಡು ವೇಷ ಕಟ್ಟಿ, ಎರಡು ಸಲ ಫೋಟೊ ತೆಗೆಸಿ, ಒಂದೇ ಚೌಕಟ್ಟಿನಲ್ಲಿ ಕೂಡಿಸಬೇಕು. ಅಪ್ಪನ ಬಿಲ್ಲಿಗೂ ಮಗನ ಬಿಲ್ಲಿಗೂ ಒಂದೇ ಪಿವಿಸಿ ಪೈಪು ಸಾಕು.

ವರ್ಜ್ಯವೂ ಉಂಟು. 2022ರ ‘ಕಾಂತಾರ’ ಬಂದ ಮೇಲೆ ಕೆಲವರು ದೈವದ ವೇಷ ಹಾಕಿಕೊಂಡು ಚಿತ್ರಮಂದಿರಕ್ಕೆ ಬಂದರು. ತುಳುನಾಡಿನಿಂದ ಆಕ್ಷೇಪ ಬಂತು. ಅನುಕರಿಸಬೇಡಿ ಎಂದು ಚಿತ್ರತಂಡವೇ ಕೇಳಿಕೊಳ್ಳಬೇಕಾಯಿತು. ಕೋಲ ಕಟ್ಟುವವರಿಗೂ ನಂಬುವವರಿಗೂ ಅದು ಆರಾಧನೆ. ಅದನ್ನು ಪಾತ್ರಗಳ ಪಟ್ಟಿಗೆ ಸೇರಿಸುವಂತಿಲ್ಲ. ಎರಡನೆಯ ವರ್ಜ್ಯ ಸೈನಿಕನ ಸಮವಸ್ತ್ರ. ಸೈನಿಕನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅದನ್ನು ತೊಡುವುದು ಹಳೆಯ ದಂಡಸಂಹಿತೆಯ 140ನೇ ಕಲಮಿನಲ್ಲಿ ಅಪರಾಧವಾಗಿತ್ತು, ಈಗಿನ ನ್ಯಾಯಸಂಹಿತೆಯಲ್ಲೂ ಅಪರಾಧವೇ. ಉದ್ದೇಶವನ್ನು ವಿವರಿಸಲು ಅವಕಾಶ ಸಿಕ್ಕೇ ಸಿಗುತ್ತದೆ, ಆದರೆ ಠಾಣೆಯಲ್ಲಿ. ಊರಿನ ಹೆಸರೇ ದಂಡು ಆಗಿರುವಲ್ಲಿ ಈ ಪ್ರಯೋಗ ಬೇಡ.

ಆಹಾರ್ಯ

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ಹೇಳುತ್ತದೆ. ಫೋಟೊಶೂಟಿನಲ್ಲಿ ವಾಚಿಕಕ್ಕೆ ಕೆಲಸವಿಲ್ಲ. ಆಡಿದ ಮಾತೆಲ್ಲ “ಬೇಗ ತೆಗಿ ಮಾರಾಯಾ” ಎಂಬಲ್ಲಿಗೆ ಮುಗಿಯುತ್ತದೆ. ಕವಚದೊಳಗೆ ಮೊಣಕೈ ಮಡಚುವುದಿಲ್ಲವಾಗಿ ಆಂಗಿಕವೂ ಹೋಯಿತು. ಸಾತ್ತ್ವಿಕವನ್ನು ಮಾತ್ರ ಮಹಾನಟರೂ ಕಷ್ಟಪಟ್ಟು ಸಾಧಿಸಬೇಕು ಎಂಬುದು ಪ್ರಾಚೀನರ ಮತ. ಕಾಸ್‌ಪ್ಲೇ ಈ ಮತವನ್ನು ಸುಳ್ಳು ಮಾಡಿದೆ. ಸ್ತಂಭ ಕವಚದಿಂದ, ಸ್ವೇದ ಒಳಗಿನ ರೆಕ್ಸಿನ್‌ನಿಂದ, ಸ್ವರಭೇದ ಮುಖವಾಡದಿಂದ, ವೇಪಥು ಡಿಸೆಂಬರಿನ ಬೆಳಗಿನ ಚಳಿಯಿಂದ, ರೋಮಾಂಚ ಅಂಟಿಸಿದ ಮೀಸೆ ಕೀಳುವಾಗ, ಅಶ್ರು ಬಣ್ಣದ ಕಾಂಟ್ಯಾಕ್ಟ್ ಲೆನ್ಸಿನಿಂದ, ವೈವರ್ಣ್ಯ ಮೇಕಪ್ ಇಳಿಯುವುದರಿಂದ ತಾವಾಗಿಯೇ ಬರುತ್ತವೆ. ಎಂಟನೆಯದಾದ ಪ್ರಳಯ, ಎಂದರೆ ಮೂರ್ಛೆ, ಬೆಳಗ್ಗೆ ತಿಂಡಿ ತಿನ್ನದೆ ಹೊರಟವರಿಗೆ ಮೀಸಲು. ಎರಡು ಇಡ್ಲಿ ತಿಂದರೆ ತಪ್ಪುತ್ತದೆ.

ಉಳಿಯುವುದು ಆಹಾರ್ಯ. ಅದರ ನೇಪಥ್ಯವನ್ನು ಭರತ ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ಮತ್ತೆ ನಾಲ್ಕು ಮಾಡುತ್ತಾನೆ. ಸುಮಾರು ಎರಡು ಸಾವಿರ ವರ್ಷದ ಈ ವಿಂಗಡಣೆಯಲ್ಲಿ ಶಿವಾಜಿನಗರದ ಯಾವ ಅಂಗಡಿಯೂ ಹೊರಗುಳಿಯುವುದಿಲ್ಲ ಎಂಬುದು ಪರಿಶೀಲಿಸಿ ನೋಡಬೇಕಾದ ವಿಷಯ.

ಪುಸ್ತ

ರಂಗದ ಮೇಲೆ ಬೇಕಾದ ಆಯುಧ, ಕವಚ, ರಥ, ಬೆಟ್ಟ ಮುಂತಾದುವನ್ನು ಹಗುರ ಪದಾರ್ಥಗಳಿಂದ ಮಾಡಿಕೊಳ್ಳುವುದು ಪುಸ್ತ. ಚಾಪೆ, ಚರ್ಮ, ಬಟ್ಟೆಗಳನ್ನು ಜೋಡಿಸಿ ಮಾಡಿದರೆ ಅದು ಸಂಧಿಮ. ಯಂತ್ರ ಸೇರಿದರೆ ವ್ಯಾಜಿಮ. ಸುತ್ತಿ ಮಾಡಿದರೆ ವೇಷ್ಟಿಮ. ಭಾರವಾದ ಒಡವೆ ನಟನನ್ನು ದಣಿಸುತ್ತದೆ, ಅರಗು ತುಂಬಿದ ಹಗುರ ಒಡವೆ ಸಾಕು ಎಂದೂ ಭರತ ಹೇಳಿದ್ದಾನೆ. ಅವನು ಹೇಳದೆ ಬಿಟ್ಟದ್ದು ಇವಿಎ ಫೋಮ್ ಒಂದನ್ನೇ. ಯಕ್ಷಗಾನದವರು ಇದೇ ಸಮಸ್ಯೆಯನ್ನು ಹಗುರ ಮರದ ಮೇಲೆ ಬೇಗಡೆ ಅಂಟಿಸಿ ಬಗೆಹರಿಸಿಕೊಂಡರು. ಕಿರೀಟ, ಭುಜಕೀರ್ತಿ, ಎದೆಕಟ್ಟು ಹೊತ್ತು ರಾತ್ರಿಯೆಲ್ಲ ಕುಣಿದರೂ ಕುತ್ತಿಗೆ ಉಳಿಯುವುದು ಹಾಗೆ.

ಸಂಧಿಮದ ಮೂಲದ್ರವ್ಯ ಚಾಪೆ ಎಂಬುದು ಅಕ್ಷರಶಃ ನಿಜವಾಗಿದೆ. ಮಕ್ಕಳು ತೆವಳುವ ಕೋಣೆಗೆ ಹಾಸುವ, ಒಂದಕ್ಕೊಂದು ಹಲ್ಲು ಕೂಡಿಸುವ ದಪ್ಪ ಚೌಕದ ಚಾಪೆ ಇವಿಎ ಫೋಮಿನದೇ. ಅದರಿಂದ ಮಾಡಿದ ಮಹಾಯೋಧನ ಎದೆಕವಚವನ್ನು ಮಗುಚಿ ನೋಡಿದರೆ ಹೃದಯದ ಜಾಗದಲ್ಲಿ ಬಾತುಕೋಳಿ ಇರುತ್ತದೆ. ದಪ್ಪ ಹತ್ತು ಮಿಲಿಮೀಟರಿನದು ಎದೆಗೆ, ಐದರದು ತೋಳಿಗೆ, ಎರಡರದು ಅಂಚಿನ ನಕಾಸಿಗೆ. ಹೀಟ್ ಗನ್ನಿನ ಬಿಸಿ ತಾಗಿದಾಗ ಫೋಮಿನ ಮೈ ಸಣ್ಣಗೆ ಹೊಳೆಯುತ್ತದೆ. ಆ ಕ್ಷಣ ಮೊಣಕಾಲಿನ ಮೇಲಿಟ್ಟು ಬಾಗಿಸಿ, ತಣಿಯುವವರೆಗೆ ಕೈ ಬಿಡಬಾರದು. ಜೋಡಿಸಲು ಚಪ್ಪಲಿ ಹೊಲಿಯುವವರು, ಸೋಫಾ ಮಾಡುವವರು ಬಳಸುವ ಹಳದಿ ರಬ್ಬರ್ ಅಂಟು. ಎರಡೂ ಕಡೆ ತೆಳುವಾಗಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟದಂತಾದ ಮೇಲೆ ಒತ್ತಬೇಕು. ಒತ್ತಿದ ಮೇಲೆ ತಿದ್ದಲಾಗದು. ಎಡ ಭುಜ ಬಲಕ್ಕೆ ಕೂತರೆ ಹಾಗೇ ಕೂತಿತು. ಕಿಟಕಿ ತೆರೆದಿರಬೇಕು. ಮುಚ್ಚಿದ್ದರೆ ಕಟ್ಟುವವರಿಗೆ ತಲೆ ತಿರುಗುತ್ತದೆ. ತೆರೆದಿದ್ದರೆ ಪಕ್ಕದ ಮನೆಯವರು ಗ್ಯಾಸ್ ಲೀಕಾಗಿದೆ ಎಂದು ಮನೆ ಓನರಿಗೆ ಫೋನು ಮಾಡುತ್ತಾರೆ. ಎರಡರಲ್ಲಿ ಎರಡನೆಯದು ಲೇಸು.

ಬಣ್ಣ ಹೊಡೆಯುವ ಮುನ್ನ ನೀರು ಬೆರೆಸಿದ ಬಿಳಿ ಫೆವಿಕಾಲನ್ನು ನಾಲ್ಕಾರು ಸಲ ಬಳಿದು ಒಣಗಿಸುವುದು ಕಡ್ಡಾಯ. ಈ ಹಂತವನ್ನು ಎಲ್ಲರೂ ಬಿಡುತ್ತಾರೆ. ಬಿಟ್ಟರೆ ಫೋಮು ಬಣ್ಣವನ್ನೆಲ್ಲ ಕುಡಿದು, ಮೊದಲ ಸಲ ಬಾಗಿದಾಗಲೇ ಮೈತುಂಬ ಬಿರುಕು ಬಿಡುತ್ತದೆ. ಕವಚ ಯುದ್ಧದಲ್ಲಿ ಹಳತಾದಂತೆ ಕಾಣಬೇಕಾದರೆ ಬೆಳ್ಳಿ ಬಣ್ಣದ ಮೇಲೆ ನೀರಾದ ಕಪ್ಪು ಹಚ್ಚಿ ಹಳೆ ಬನಿಯನ್ನಿನಿಂದ ಒರೆಸಬೇಕು. ನಿಜವಾದ ತುಕ್ಕು ಬೇಕೆನ್ನುವ ಶುದ್ಧವಾದಿಗಳು ಶಿವಾಜಿನಗರದ ಗುಜರಿಗೆ ಹೋಗಿ ಹಳೆ ವಾಹನಗಳ ಬಿಡಿಭಾಗ ತರುತ್ತಾರೆ. ಸೈಲೆನ್ಸರ್ ಚೂರನ್ನು ತೋಳಿಗೆ ಕಟ್ಟಿಕೊಂಡವರಿಗೆ ಭರತನ ಭಾರಸೂತ್ರ ಅರ್ಧ ಗಂಟೆಯಲ್ಲಿ ಬಾಯಿಪಾಠವಾಗುತ್ತದೆ.

ಅಳತೆ ತೆಗೆಯುವುದು ವೇಷ್ಟಿಮ. ವೇಷಧಾರಿಯ ಮೈಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಅಗಲವಾದ ಟೇಪು ಸುತ್ತಿ, ಕವಚದ ಗೆರೆಗಳನ್ನು ಟೇಪಿನ ಮೇಲೆ ಬರೆದು, ಕತ್ತರಿಸಿ ಬಿಚ್ಚಿದರೆ ನಮೂನೆ ಸಿದ್ಧ. ಸುತ್ತುವ ಮುನ್ನ ಲಘುಶಂಕೆ ಮುಗಿಸಿಕೊಳ್ಳಬೇಕೆಂಬುದನ್ನು ಯಾವ ಶಾಸ್ತ್ರವೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳಿದೆ. ವ್ಯಾಜಿಮಕ್ಕೆ, ಎಂದರೆ ಐರನ್ ಮ್ಯಾನಿನ ಎದೆಯಲ್ಲಿ ಉರಿಯುವ ನೀಲಿ ದೀಪಕ್ಕೆ, ಒಂದು ಎಲ್‌ಇಡಿ ಪಟ್ಟಿ, ಒಂದು ಪವರ್ ಬ್ಯಾಂಕು ಸಾಕು. ಅದಕ್ಕಾಗಿ ಮಾತ್ರ ಕ್ಷೇತ್ರ ದಾಟಿ ಪೇಟೆಯ ಎಸ್.ಪಿ. ರಸ್ತೆಗೆ ಹೋಗಬೇಕು.

ಅಲಂಕಾರ

ಬಟ್ಟೆ, ಒಡವೆ, ಕೂದಲು ಅಲಂಕಾರಕ್ಕೆ ಸೇರಿದವು. ಇದರ ತಾತ್ತ್ವಿಕ ಸಮಸ್ಯೆಯನ್ನು ಮೊದಲು ಕಂಡವರು ಶಿವಾಜಿನಗರದ ಟೈಲರ್ ಮಾಸ್ಟರುಗಳು. ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ಮಾಸ್ಟರು ಎರಡು ಬೆರಳಲ್ಲಿ ಹಿಗ್ಗಿಸುತ್ತಾರೆ. ಅವರ ಕಣ್ಣು ಕತ್ತಿಗೂ ಹೋಗುವುದಿಲ್ಲ, ರೆಕ್ಕೆಗೂ ಹೋಗುವುದಿಲ್ಲ. ನೇರ ಹೊಲಿಗೆಗೆ ಹೋಗುತ್ತದೆ.

“ಈ ಹುಡುಗಿ ಇದನ್ನ ಹಾಕ್ಕೊಳ್ಳೋದು ಹೆಂಗಮ್ಮಾ? ಮುಂದೆ ಬಟನ್ನಿಲ್ಲ, ಹಿಂದೆ ಜಿಪ್ಪಿಲ್ಲ, ಸೈಡಲ್ಲೂ ಏನಿಲ್ಲ.”

“ಅದು ಕಾರ್ಟೂನು ಮಾಸ್ಟ್ರೇ.”

“ಕಾರ್ಟೂನಾದ್ರೆ ತಲೆ ತೂರಿಸೋದು ಬೇಡ್ವಾ?” ಮಾಸ್ಟರು ಚಿತ್ರವನ್ನು ಇನ್ನಷ್ಟು ಹಿಗ್ಗಿಸಿ ಕುತ್ತಿಗೆಯ ಹತ್ತಿರ ಹುಡುಕುತ್ತಾರೆ. “ಮದುವೆಗಾ?”

“ಅಲ್ಲ, ಫೋಟೊಗೆ.”

“ಬರೀ ಫೋಟೊಗಾ? ಮತ್ತೆ ಮೊದಲೇ ಹೇಳಬಾರದಾ. ಹಿಂದೆ ಓಪನ್ ಬಿಡ್ತೀನಿ, ಪಿನ್ ಹಾಕ್ಕೊಳ್ಳಿ. ಜಿಪ್ಪಿನ ಕಾಸು ಉಳೀತದೆ.”

ಬರೆದ ಬಟ್ಟೆಗೆ ಬಾಗಿಲಿರುವುದಿಲ್ಲ, ಉಟ್ಟ ಬಟ್ಟೆಗೆ ಬಾಗಿಲು ಬೇಕು. ಜಪಾನಿನ ಚಿತ್ರಕಾರರಿಗೆ ಹೊಳೆಯದ ಈ ಪ್ರಶ್ನೆಯನ್ನು ಮಾಸ್ಟರು ಒಂದು ಟೀ ಆರುವುದರೊಳಗೆ ಎತ್ತಿ, ಬಗೆಹರಿಸಿ, ಬೆನ್ನಿಲ್ಲದ ವೇಷದ ಸಿದ್ಧಾಂತವನ್ನು ಸ್ವತಂತ್ರವಾಗಿ ಸ್ಥಾಪಿಸಿದರು. ಅವರ ಉಳಿದ ಸೂತ್ರಗಳೂ ಗಟ್ಟಿ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮುನ್ನ ನೀರಿಗೆ ಹಾಕಿ ಒಣಗಿಸಬೇಕು. ಸ್ಯಾಟಿನ್ ಅಂಗಡಿಯ ದೀಪದಡಿ ರಾಜವಸ್ತ್ರ, ಫ್ಲ್ಯಾಶಿನ ಮುಂದೆ ನೈಟಿ. ಆನಿಮೆಯ ಮಟ್ಟಸ ಬಣ್ಣಕ್ಕೆ ಹೊಳಪಿಲ್ಲದ ದಪ್ಪ ಬಟ್ಟೆಯೇ ಸರಿ. ನಿಲ್ಲಬೇಕಾದ ಕಾಲರಿಗೆ ಬಕ್ರಮ್ಮು, ಗಾಳಿಗೆ ಹಾರಬಾರದ ಮೇಲುಹೊದಿಕೆಯ ಅಂಚಿಗೆ ತೂಕ. ರಂಜಾನ್ ತಿಂಗಳಲ್ಲಿ ಆರ್ಡರು ತೆಗೆದುಕೊಳ್ಳುವುದಿಲ್ಲ. ಹಿಂದೆ ಬೆಂಗಳೂರಿನ ಮನೆಬಾಗಿಲುಗಳಲ್ಲಿ ಭೂತಕ್ಕೆಂದು ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ಟೈಲರ್ ಅಂಗಡಿಯಲ್ಲಿ ಅದನ್ನು ಬಾಯಲ್ಲೇ ಹೇಳುತ್ತಾರೆ. ಭೂತಕ್ಕೆ ಗೊತ್ತಿದ್ದಂತೆ ಗಿರಾಕಿಗೂ ಅದರ ಅರ್ಥ ಗೊತ್ತಿರಬೇಕು.

ಕೂದಲಿಗೆ ನಾಟಕದವರು ಟೋಪನ್ ಎನ್ನುವುದನ್ನೇ ಇಲ್ಲಿ ವಿಗ್ ಎನ್ನುತ್ತಾರೆ. ನೈಲಾನ್ ಕೂದಲನ್ನು ತುದಿಯಿಂದ ಬುಡಕ್ಕೆ ಬಾಚಬೇಕು. ಬುಡದಿಂದ ಬಾಚಿದರೆ ಬಾಚಣಿಗೆಯ ಜೊತೆಗೇ ಬರುತ್ತದೆ. ಹೊಳಪು ಹೆಚ್ಚಾದರೆ ಮುಖದ ಪೌಡರು ಉದುರಿಸಿ ಕೊಡವಿದರೆ ಸಾಕು.

ಅಂಗರಚನೆ

ಬಿಳಿ, ನೀಲಿ, ಹಳದಿ, ಕೆಂಪು ಇವು ನಾಟ್ಯಶಾಸ್ತ್ರದ ನಾಲ್ಕು ಮೂಲವರ್ಣಗಳು. ಬಿಳಿಗೆ ನೀಲಿ ಬೆರೆತರೆ ಕಾಪೋತ, ಬಿಳಿಗೆ ಕೆಂಪು ಬೆರೆತರೆ ಪದ್ಮ, ಹಳದಿಗೆ ನೀಲಿ ಬೆರೆತರೆ ಹರಿತ. ಆನಿಮೆ ನಾಯಕಿಯರ ಕೂದಲಿನ ಬಣ್ಣಗಳೆಲ್ಲ ಹೀಗೆ ಮೊದಲೇ ಪಟ್ಟಿಯಾಗಿವೆ.

ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷದವರು ಗಣಪತಿ ಪೂಜೆಯಾದ ಮೇಲೆ ಪುಟ್ಟ ಕನ್ನಡಿ ಹಿಡಿದು ಕೂತರೆ, ಅಕ್ಕಿಹಿಟ್ಟು ಸುಣ್ಣದ ಚಿಟ್ಟಿಯನ್ನು ಒಂದೊಂದೇ ಮುಳ್ಳಾಗಿ ಮುಖಕ್ಕೆ ಇಟ್ಟು ಮುಗಿಸಲು ಗಂಟೆಗಟ್ಟಲೆ ಬೇಕು. ಅವರನ್ನು ಯಾರೂ ಎಬ್ಬಿಸುವುದಿಲ್ಲ. ಇಂದಿರಾನಗರದ ಪಿಜಿಯಲ್ಲಿ ಚೌಕಿಯ ಸ್ಥಾನ ಬಚ್ಚಲುಮನೆಯದು. ಅದರ ಬಾಗಿಲನ್ನು ಐದು ನಿಮಿಷಕ್ಕೊಮ್ಮೆ ಬಡಿಯುತ್ತಾರೆ. ಆದ್ದರಿಂದ ಕೆಲಸ ನಸುಕಿನ ನಾಲ್ಕಕ್ಕೆ ಶುರುವಾಗಬೇಕು. ಕಣ್ಣಿನ ವೈದ್ಯರಿಗೆ ತೋರಿಸಿ ಕೊಂಡ ಲೆನ್ಸನ್ನು ಬಣ್ಣಕ್ಕಿಂತ ಮೊದಲು ಹಾಕಬೇಕು. ಕಳಚುವಾಗಲೂ ಲೆನ್ಸೇ ಮೊದಲು. ನಿಜವಾದ ಹುಬ್ಬನ್ನು ಮರೆಸಲು ಮಕ್ಕಳು ಕಾಗದ ಅಂಟಿಸುವ ಗ್ಲೂ ಸ್ಟಿಕ್ ಸವರಿ, ಒಣಗಿಸಿ, ಮತ್ತೆ ಸವರಿ, ಮೇಲೆ ಪ್ಯಾನ್‌ಸ್ಟಿಕ್ ಹಚ್ಚಿ, ಪಾತ್ರದ ಹುಬ್ಬನ್ನು ಅರ್ಧ ಇಂಚು ಮೇಲೆ ಬರೆಯುವುದು. ಜಿಂಕ್ ಅಥವಾ ಟೈಟಾನಿಯಂ ಇರುವ ಪೌಡರು, ಸನ್‌ಸ್ಕ್ರೀನು ಹಚ್ಚಿಕೊಂಡರೆ ಕನ್ನಡಿಯಲ್ಲಿ ಸರಿಯಾಗಿಯೇ ಕಾಣುತ್ತದೆ, ಫ್ಲ್ಯಾಶ್ ಬಿದ್ದ ಕೂಡಲೇ ಮುಖ ಆಯುಧಪೂಜೆಯ ಬೂದುಗುಂಬಳದಂತಾಗುತ್ತದೆ. ಮನೆಯಲ್ಲೇ ಮೊಬೈಲಿನ ಫ್ಲ್ಯಾಶಿನಲ್ಲಿ ಒಂದು ಪಟ ತೆಗೆದು ನೋಡಿ ಹೊರಡಬೇಕು. ಹೊಸ ಬಣ್ಣವನ್ನು ಹಿಂದಿನ ದಿನ ಮೊಣಕೈಯ ಒಳಬದಿಗೆ ಹಚ್ಚಿ ತುರಿಕೆ ಬರುವುದೇ ಎಂದು ನೋಡುವುದೂ ಶಾಸ್ತ್ರಸಮ್ಮತ. ಹಿಂದಿನವರು ಬಳಸುತ್ತಿದ್ದ ಅರದಾಳ ಪಾಷಾಣದ ಜಾತಿಯದು. ಸಂಪ್ರದಾಯದ ಮೇಲಿನ ಗೌರವ ಅಲ್ಲಿಯವರೆಗೆ ಹೋಗಬೇಕಾಗಿಲ್ಲ.

ನಾಲ್ಕನೆಯದಾದ ಸಂಜೀವ ಎಂದರೆ ರಂಗಕ್ಕೆ ಪ್ರಾಣಿಗಳ ಪ್ರವೇಶ. ಇದನ್ನು ಸಿದ್ಧಪಡಿಸಬೇಕಾಗಿಲ್ಲ. ಬೀದಿನಾಯಿಗಳು ಸಮಯಕ್ಕೆ ಸರಿಯಾಗಿ ಬರುತ್ತವೆ, ಬಾಲವಿರುವ ವೇಷಕ್ಕೆ ಇನ್ನೂ ಬೇಗ ಬರುತ್ತವೆ.

ರಂಗ ಮತ್ತು ವಿಘ್ನ

ರಂಗಸ್ಥಳಗಳಲ್ಲಿ ರಸೆಲ್ ಮಾರ್ಕೆಟ್ ಪ್ರಾಚೀನವಾದದ್ದು. 1927ರಲ್ಲಿ ಕಟ್ಟಿದ ಆ ಕಮಾನುಗಳು ಎಂಥ ಕಾಲ್ಪನಿಕ ಸಾಮ್ರಾಜ್ಯಕ್ಕೂ ಒಪ್ಪುತ್ತವೆ. ಹೂವಿನ ಬುಟ್ಟಿ ಹೊತ್ತವರು “ಸೈಡು, ಸೈಡು” ಎನ್ನುತ್ತ ಸಾಮ್ರಾಟನ ಪಕ್ಕದಲ್ಲೇ ಹಾದುಹೋಗುತ್ತಾರೆ, ತಲೆ ಎತ್ತುವುದಿಲ್ಲ. ಬೆಳಗ್ಗೆ ಅಂಗಡಿಯಿಂದ ಅಂಗಡಿಗೆ ಸಾಂಬ್ರಾಣಿ ಹೊಗೆ ಹಾಕಿಕೊಂಡು ಬರುವ ಫಕೀರನಿಗೆ ಎರಡು ನಿಮಿಷ ನಿಲ್ಲಲು ಹೇಳಿದರೆ ಬಾಡಿಗೆಯ ಫಾಗ್ ಮಷಿನ್ನಿಗಿಂತ ಒಳ್ಳೆಯ ಮಂಜು ಸಿಗುತ್ತದೆ, ಆಶೀರ್ವಾದವೂ ಸಿಗುತ್ತದೆ.

ಹಲಸೂರು ಕೆರೆ ಬೆಳಗಿನ ಆರರಿಂದ ಎಂಟರವರೆಗಿನ ಓರೆ ಬೆಳಕಿಗೆ ಶ್ರೇಷ್ಠ. ಆದರೆ ಕ್ಯಾಮೆರಾ ತಿರುಗುವ ದಿಕ್ಕನ್ನು ನೋಡಿಕೊಳ್ಳಬೇಕು. ಕೆರೆಯ ಮಗ್ಗುಲಲ್ಲೇ ಸೇನೆಯ ಜಾಗವಿದೆ, ಅಲ್ಲಿ ಫೋಟೊ ನಿಷಿದ್ಧ. ವಾಕಿಂಗಿಗೆ ಬರುವ ಹಿರಿಯರಲ್ಲಿ ಒಬ್ಬರು ಖಂಡಿತ ನಿಂತು, ಮೂರು ತಿಂಗಳ ದುಡಿಮೆಯ ಕವಚವನ್ನು ಮೇಲಿಂದ ಕೆಳಗೆ ನೋಡಿ, “ಯಾವ ಸ್ಕೂಲಮ್ಮಾ?” ಎನ್ನುತ್ತಾರೆ. ಇದಕ್ಕೆ ಉತ್ತರ ಯಾವ ಗ್ರಂಥದಲ್ಲೂ ಸಿಗುವುದಿಲ್ಲ.

ಜಪಾನಿನ ಕಥೆಗಳಿಗೆ ಚೆರ್ರಿ ಹೂ ಅನಿವಾರ್ಯ. ಬೆಂಗಳೂರಿನಲ್ಲಿ ಆ ಕೆಲಸವನ್ನು ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಟಬೂಬಿಯಾ ಮಾಡುತ್ತದೆ. ಜನವರಿಯಿಂದ ಮಾರ್ಚಿನವರೆಗೆ ಗಡಿಯಿಂದ ತುಸು ಆಚೆಗಿನ ಕುಂದಲಹಳ್ಳಿಯ ಎಇಸಿಎಸ್ ಲೇಔಟಿನ ಬೀದಿಗಳು ಗುಲಾಬಿಯಾಗಿರುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1980ರ ದಶಕದಲ್ಲಿ ನಗರಕ್ಕೆ ಲಕ್ಷಾಂತರ ಗಿಡ ನೆಡಿಸುವಾಗ, ಬೀದಿಮರದ ಕೆಳಗೆ ಮರದ ಕತ್ತಿ ಹಿಡಿದ ಸಮುರಾಯ್‌ಗಳು ಸರದಿ ನಿಲ್ಲುವ ದಿನ ಬರುತ್ತದೆಂದು ಎಣಿಸಿರಲಾರರು. ಪಾಳುಬಿದ್ದ ಭವಿಷ್ಯದ ನಗರ ಬೇಕಾದವರಿಗೆ ಕೆ.ಆರ್. ಪುರ. 2003ರ ತೂಗುಸೇತುವೆಯ ಕೇಬಲ್ಲುಗಳು, ಮೇಲೆ ಮೆಟ್ರೊ, ಟಿನ್ ಫ್ಯಾಕ್ಟರಿಯ ಧೂಳು, ಅಗೆದ ರಸ್ತೆ. ಯುದ್ಧ ಮುಗಿದ ಮರುದಿನದ ದೃಶ್ಯಕ್ಕೆ ಸೆಟ್ಟು ಹಾಕುವ ಖರ್ಚೇ ಇಲ್ಲ.

ರಂಗವನ್ನು ತಲುಪುವುದೂ ಒಂದು ಪ್ರಕರಣ. 2023ರ ಅಕ್ಟೋಬರಿನಿಂದ ಮೆಟ್ರೊದ ನೇರಳೆ ಮಾರ್ಗ ಇಡಿಯಾಗಿ ಓಡುತ್ತಿರುವುದರಿಂದ ಇಂದಿರಾನಗರದ ವೇಷ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡಿನವರೆಗೆ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ಆದರೆ ಮೆಟ್ರೊದ ನಿಯಮದಲ್ಲಿ ಲಗೇಜಿನ ಮಿತಿ 60 ಸೆಂಟಿಮೀಟರ್ ಉದ್ದ, 45 ಅಗಲ, 25 ಎತ್ತರ, 15 ಕಿಲೊ. ದೇವದೂತನ ರೆಕ್ಕೆ ತೂಕದಲ್ಲಿ ಪಾಸಾಗಿ ಉದ್ದದಲ್ಲಿ ಫೇಲಾಗುತ್ತದೆ. ಮಡಚುವ ಕೀಲುಗಳನ್ನು ಮೊದಲೇ ಇಟ್ಟಿರಬೇಕು. ಫೋಮಿನ ಕತ್ತಿಯನ್ನು ತಪಾಸಣೆಯವರು ಬಾಗಿಸಿ ನೋಡಿ ನಕ್ಕು ಬಿಡುತ್ತಾರೆ. ಲೋಹದ್ದಾದರೆ ಬಿಡುವುದಿಲ್ಲ, ಬಿಡಬಾರದು. ಎದೆಯ ನೀಲಿ ದೀಪದ ವೈರುಗಳನ್ನು ಬ್ಯಾಗಿನಲ್ಲಿ ಬೇರೆಯಾಗಿಯೇ ಒಯ್ಯುವುದು ಎಲ್ಲರಿಗೂ ಕ್ಷೇಮ.

ನಾಟ್ಯಶಾಸ್ತ್ರದ ಕಥೆಯಲ್ಲಿ ಮೊದಲ ನಾಟಕಕ್ಕೆ ವಿಘ್ನಗಳು ಬಂದಾಗ ಇಂದ್ರ ತನ್ನ ಧ್ವಜದಂಡದಿಂದ ಅವುಗಳನ್ನು ಜರ್ಜರಿತಗೊಳಿಸಿದ. ಆ ಕೋಲೇ ಜರ್ಜರವೆಂದು ರಂಗಪೂಜೆಗೆ ಬಂತು. ದಂಡಿನಲ್ಲಿ ಜರ್ಜರದ ಸ್ಥಾನ ಟ್ರೈಪಾಡಿನದು, ಫಲ ಮಾತ್ರ ತಿರುಗುಮುರುಗು. ಟ್ರೈಪಾಡ್ ನೆಟ್ಟ ಕೂಡಲೇ ಎಲ್ಲಿಂದಲೋ ಸೀಟಿ ಕೇಳುತ್ತದೆ, ಕಾವಲುಗಾರ ಬರುತ್ತಾನೆ, “ಪರ್ಮಿಷನ್ ಇದೆಯಾ?” ಎನ್ನುತ್ತಾನೆ. ಮೂರು ಕಾಲಿಲ್ಲದ ಕ್ಯಾಮೆರಾವನ್ನು ಅವನು ಮೊಬೈಲಿನ ಕುಲಕ್ಕೇ ಸೇರಿಸಿ ಸುಮ್ಮನಿರುತ್ತಾನೆ. ಉದ್ಯಾನ, ಕಟ್ಟಡ, ದೇವಸ್ಥಾನಗಳಲ್ಲಿ ಮೊದಲೇ ಅನುಮತಿ ಪಡೆಯುವುದು ಧರ್ಮ. ಬೀದಿಯಲ್ಲಿ ಕೈಯಲ್ಲೇ ಕ್ಯಾಮೆರಾ ಹಿಡಿಯುವುದು ಲೋಕರೂಢಿ.

ಫೋಟೊಗ್ರಾಫರ್ ಬಹುಮಟ್ಟಿಗೆ ಮದುವೆಯವನೇ ಆಗಿರುತ್ತಾನೆ. 85 ಎಂಎಂ ಲೆನ್ಸಿನ ದ್ವಾರವನ್ನು 1.8ಕ್ಕೆ ತೆರೆದು ಹಿಂದಿನ ಕಸದ ಗಾಡಿಯನ್ನು ಬಣ್ಣದ ಮಂಜಾಗಿಸುವ ವಿದ್ಯೆ ಅವನಿಗೆ ಚೆನ್ನಾಗಿ ಗೊತ್ತು. ಸ್ಟೇಷನರಿ ಅಂಗಡಿಯ ಥರ್ಮಕೋಲ್ ಹಾಳೆಯನ್ನು ಎದೆಯ ಮಟ್ಟದಲ್ಲಿ ಹಿಡಿಸಿ ಕಣ್ಣಿನ ಕೆಳಗಿನ ನೆರಳನ್ನೂ ಅಳಿಸುತ್ತಾನೆ. ಅಭ್ಯಾಸಬಲ ಮಾತ್ರ ಹೋಗುವುದಿಲ್ಲ. ಲೋಕಗಳನ್ನು ಸುಟ್ಟು ಬಂದ ಖಳನಿಗೂ ಅವನು ಹೇಳುವುದು, “ಸರ್, ಗಲ್ಲ ಸ್ವಲ್ಪ ಕೆಳಗೆ, ಸ್ವಲ್ಪ ಸ್ಮೈಲ್.” ಇನ್ನೂರು ಪಟಗಳಲ್ಲಿ ನಗುವಿಲ್ಲದ ನಾಲ್ಕು ಉಳಿಯುತ್ತವೆ. ಆ ನಾಲ್ಕೇ ಸಾಕು.

ವಿಸರ್ಜನೆ

ವೇಷ ಕಳಚುವಾಗ ಲೆನ್ಸ್, ಟೋಪನ್, ಬಣ್ಣ ಇದೇ ಕ್ರಮ. ಬಣ್ಣಕ್ಕೆ ಕೊಬ್ಬರಿ ಎಣ್ಣೆ, ಆಮೇಲೆ ಸೋಪು. ಕಿವಿಯ ಹಿಂದಿನ ಹಸಿರು ಮೂರು ದಿನ ಇರುತ್ತದೆ. ಆಫೀಸಿನಲ್ಲಿ ಅದರ ಬಗ್ಗೆ ಕೇಳುವವರು ಕಡಿಮೆ.

ಉಳಿಯುವುದು ಕವಚದ ಪ್ರಶ್ನೆ. ಗುಜರಿಯಲ್ಲಿ ಬೆಲೆ ಕಟ್ಟುವುದು ತೂಕಕ್ಕೆ. ಕವಚ ಹಗುರವಾಗಿರಬೇಕೆಂದು ಭರತನಿಂದ ಈಚೆಗೆ ಎಲ್ಲರೂ ಒಪ್ಪಿದ ಗುಣವೇ ತಕ್ಕಡಿಯಲ್ಲಿ ದೋಷವಾಗುತ್ತದೆ. ಮಾರುವ ಯೋಚನೆ ಬಿಟ್ಟು, ಬಿಸಿಲು ತಾಗದ ಕಡೆ, ಮಡಚದೆ ಇಟ್ಟು, ಅಕ್ಟೋಬರ್ ಕೊನೆಯ ವಾರದವರೆಗೆ ಕಾಯುವುದು ಉತ್ತಮ. ಆಗ ರಾಜ್ಯೋತ್ಸವಕ್ಕೆಂದು ಸುತ್ತಲಿನ ಶಾಲೆಗಳ ತಾಯಂದಿರು ಮಯೂರವರ್ಮ, ಪುಲಕೇಶಿ, ಕಿತ್ತೂರು ಚೆನ್ನಮ್ಮ, ಓಬವ್ವರ ವೇಷ ಹುಡುಕಿಕೊಂಡು ಬರುತ್ತಾರೆ. ಐರನ್ ಮ್ಯಾನಿನ ಎದೆಯ ದೀಪ ಕಿತ್ತು, ಕೆಂಪಿನ ಮೇಲೆ ಬೇಗಡೆ ಅಂಟಿಸಿದರೆ ಎರಡನೆಯ ತರಗತಿಯ ಇಮ್ಮಡಿ ಪುಲಕೇಶಿಗೆ ಸರಿಯಾಗಿ ಒಪ್ಪುತ್ತದೆ. ಮಗುವಿನ ಅಳತೆಗೆ ಕತ್ತರಿಸುವಾಗ ಕಂಕುಳ ಕಡೆ ಒಂದಿಂಚು ಬಿಡಬೇಕು. ಮುಂದಿನ ವರ್ಷಕ್ಕೂ ಬರುತ್ತದೆ.